ಒದ್ದೆ ಕಚ್ಚೆಯ ಗೋದಾಬಾಯಿ

ನಾರಾಯಣಗೂಡದಿಂದ ಸನತ್‌ನಗರದವರೆಗೆ, ಹೈದರಾಬಾದಿನ ಯಾವ ಕನ್ನಡ ಆಚಾರವಂತರ ಮನೆಯಲ್ಲಿ ಶ್ರಾದ್ಧವಿದ್ದರೂ ಮೊದಲ ಫೋನು ಆಚಾರ್ಯರಿಗೆ, ಎರಡನೆಯದು ಗೋದಾಬಾಯಿಗೆ. ಕೆಲವರು ಗೋದಾಬಾಯಿಗೇ ಮೊದಲು ಮಾಡುತ್ತಿದ್ದರು. ಆಚಾರ್ಯರು ಇನ್ನೊಬ್ಬರು ಸಿಕ್ಕಾರು, ಉದ್ದಿನ ವಡೆಯನ್ನು ಹತ್ತಿಯ ಹಾಗೆ ಹಗುರಾಗಿ ಕರಿಯುವ ಕೈ ಇನ್ನೊಂದು ಸಿಗುವುದಿಲ್ಲ ಎಂಬ ಲೆಕ್ಕ.

ಅವಳ ಕೈಯಷ್ಟೇ ಅವಳ ಮಡಿಯೂ ಹೆಸರುವಾಸಿ. ಬೆಳಿಗ್ಗೆ ಆಟೋದಲ್ಲಿ ಬಂದಿಳಿಯುವಳು. ಆಟೋದ ಸೀಟು ಯಾರಾರನ್ನೋ ಮುಟ್ಟಿದ್ದು, ಹಾಗಾಗಿ ಉಟ್ಟು ಬಂದ ಸೀರೆ ಮೈಲಿಗೆ. ಚೀಲದಲ್ಲಿ ಮಡಚಿ ತಂದದ್ದೂ ಮೈಲಿಗೆಯೇ. ಆ ಮನೆಯ ಬಚ್ಚಲಿನಲ್ಲಿ ತಲೆಯ ಮೇಲೆ ನೀರು ಹೊಯ್ದುಕೊಂಡು, ತಂದ ಒಂಬತ್ತು ಗಜದ ಹತ್ತಿ ಸೀರೆಯನ್ನು ಬಕೀಟಿನಲ್ಲಿ ಅದ್ದಿ, ಹಿಂಡಿ, ಹಸಿಹಸಿಯಾಗಿಯೇ ಕಚ್ಚೆ ಹಾಕಿ ಉಡುವಳು. ನೀರಿನಿಂದ ಎದ್ದ ಬಟ್ಟೆಗೆ ಮೈಲಿಗೆಯಿಲ್ಲ. ಆಮೇಲೆ ಅಡುಗೆಮನೆಯ ಹೊಸ್ತಿಲು ದಾಟಿದರೆ ಬ್ರಾಹ್ಮಣರು ಉಂಡು ಎದ್ದ ಮೇಲೆಯೇ ಹೊರಗೆ. ಅಷ್ಟರಲ್ಲಿ ಸೀರೆಯ ಸೆರಗು, ನಿರಿಗೆ ಒಲೆಯ ಕಾವಿಗೆ ಒಣಗಿರುತ್ತಿದ್ದವು. ಎರಡು ಕಾಲ ನಡುವೆ ಬಿಗಿದು ಹಿಂದೆ ಸಿಕ್ಕಿಸಿದ ಕಚ್ಚೆ ಮಾತ್ರ ಕೊನೆಯವರೆಗೂ ಒದ್ದೆಯಾಗಿಯೇ ಇರುತ್ತಿತ್ತು. ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು, ಕಚ್ಚೆಯ ಕಡೆ ಅವಳ ಗಮನ ಹೋದದ್ದೇ ಇಲ್ಲ.

ಈ ವರ್ಷದ ಆಷಾಢದಲ್ಲಿ ಹೋಯಿತು.

ತುರಿಕೆ ಶುರುವಾದದ್ದು ಕೂರುವ ಜಾಗದಲ್ಲಿ, ಇನ್ನೂ ಸರಿಯಾಗಿ ಹೇಳಬೇಕೆಂದರೆ, ಹೇಳಲು ಬಾರದ ಜಾಗದಲ್ಲಿ. ಗೋದಾಬಾಯಿಗೆ ಐವತ್ತಾರು ತುಂಬಿದ್ದರೂ ಆ ಜಾಗಕ್ಕೆ ಅವಳ ಬಾಯಲ್ಲಿ ಒಂದು ಹೆಸರಿರಲಿಲ್ಲ. ಮೊದಲು ಉಷ್ಣ ಅಂದುಕೊಂಡಳು. ರಾತ್ರಿ ಮೆಂತ್ಯ ನೆನೆಸಿ ಬೆಳಿಗ್ಗೆ ನುಂಗಿದಳು. ಆಮೇಲೆ, ಎಲ್ಲೋ ಹೊಲಸು ಉಳಿದಿದೆ ಎಂದು ಅನುಮಾನ ಬಂತು. ಅನುಮಾನ ಬಂದ ಮೇಲೆ ಗೋದಾಬಾಯಿಯ ಕೈ ಸುಮ್ಮನಿದ್ದೀತೆ? ಕೆಂಪು ಸಾಬೂನು ಹಚ್ಚಿ ತಿಕ್ಕಿದಳು, ನೀರಿಗೆ ಗಾಯ ತೊಳೆಯುವ ಔಷಧಿ ಬೆರೆಸಿಕೊಂಡಳು. ತೊಳೆದ ಮೇಲೆ ಒಂದಿಷ್ಟು ಹೊತ್ತು ತಂಪು, ಆಮೇಲೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ.

ನಿಜವಾದ ಪೇಚು ಅಡುಗೆಮನೆಯಲ್ಲಿತ್ತು. ತುರಿಕೆ ಬಂದಾಗ ಕೈ ತಾನೇ ಹಿಂದಕ್ಕೆ ಹೋಗುತ್ತದೆ. ಹೋದರೆ ಮಡಿ ಕೆಟ್ಟಿತು. ಕೆಟ್ಟರೆ ಮತ್ತೆ ತಲೆಯ ಮೇಲೆ ನೀರು, ಮತ್ತೆ ಸಾಬೂನು, ಮತ್ತೆ ಹಿಂಡಿದ ಸೀರೆ. ಸೀರೆ ಹೊಸದಾಗಿ ಒದ್ದೆಯಾದರೆ ತುರಿಕೆಯೂ ಹೊಸದಾಗಿ. ಗಾಣದೆತ್ತಿನ ಹಾಗೆ ಒಲೆಗೂ ಬಚ್ಚಲಿಗೂ ಸುತ್ತಿದಳು.

"ಜಂತು ಆಗಿರಬೇಕು," ಎಂದ ಗಂಡ ಜಯತೀರ್ಥ, ಪೇಪರಿನಿಂದ ಕಣ್ಣು ತೆಗೆಯದೆ. ಲೆಕ್ಕಪತ್ರದ ಸರ್ಕಾರಿ ಕಚೇರಿಯಿಂದ ನಿವೃತ್ತನಾದ ಮೇಲೆ ಲೋಕದ ಎಲ್ಲ ರೋಗಕ್ಕೂ ಅವನಲ್ಲಿ ಒಂದು ಷರಾ ಇರುತ್ತಿತ್ತು. "ಸಣ್ಣ ಹುಡುಗರಿಗೆ ಆಗ್ತದಲ್ಲ, ಹಂಗ."

"ನಾ ಏನು ಸಣ್ಣ ಹುಡುಗೀನ? ನಿಮಗ ಯಾರು ಹೇಳಿದ್ರು ನನಗೇನರೆ ಆಗೇದಂತ?"

"ಗೀಜರು ಹೇಳ್ತು. ದಿನಾ ನಾಲ್ಕು ಸಲ ಉರೀಲಿಕತ್ತದ ಪಾಪ, ಅದಕ್ಕೂ ಪೆನ್ಶನ್ ಕೊಡಬೇಕು ಇನ್ನ."

"ನಿಮ್ಮ ಬಾಯಿಗೆ ಬ್ಯಾರೆ ಕೆಲಸಿಲ್ಲ," ಎಂದು ಅವಳು ಎದ್ದು ಹೋದಳು.

ಒಂದು ಸಂಜೆ ತರಕಾರಿಗೆ ಹೋದವಳು, ಮನೆಯ ಹತ್ತಿರದ ಮೆಡಿಕಲ್ ಶಾಪು ಬಿಟ್ಟು, ಯಾರೂ ಗುರುತಿಲ್ಲದ ದೂರದ ಅಂಗಡಿಯ ಮುಂದೆ ನಿಂತಳು. ಕನ್ನಡದಲ್ಲಿ ಹೇಳಲಾಗದ್ದು ತೆಲುಗಿನಲ್ಲಿ ಸ್ವಲ್ಪ ಸಲೀಸು, ಮಾತು ಬೇರೆಯವರದು ಅನ್ನಿಸುತ್ತದೆ.

"ದುರದಕು ಮಂದು ಉಂದಾ ಬಾಬು?" ತುರಿಕೆಗೆ ಔಷಧಿ ಇದೆಯೇ ಎಂದು ಕೇಳಿದಳು.

"ಎಕ್ಕಡ ಅಮ್ಮಾ?" ಎಲ್ಲಿಗೆ?

ಅಂಗಡಿಯಲ್ಲಿ ಮೂವರು ಗಂಡಸರಿದ್ದರು. ಗೋದಾಬಾಯಿ ಬಲಗೈ ಮುಂದೆ ಚಾಚಿ, "ಚೇತಿಕಿ," ಎಂದಳು. ಕೈಗೆ.

ಅವನು ಕೈ ನೋಡಲೂ ಇಲ್ಲ, ಒಂದು ಟ್ಯೂಬು ಕೊಟ್ಟ. ಕೈಗೆಂದು ತಂದದ್ದನ್ನು ಅವಳು ಬೇಕಾದಲ್ಲಿ ಹಚ್ಚಿದಳು. ಪವಾಡದ ಹಾಗೆ ಎರಡೇ ದಿನಕ್ಕೆ ತಣ್ಣಗಾಯಿತು. ಗೋದಾಬಾಯಿ ಖುಷಿಯಿಂದ ಇನ್ನೊಂದು ಟ್ಯೂಬು ತಂದಳು. ಅದು ಮುಗಿಯುವ ಹೊತ್ತಿಗೆ ತುರಿಕೆ ತನ್ನ ತಮ್ಮಂದಿರನ್ನೆಲ್ಲ ಕರೆದುಕೊಂಡು ವಾಪಸು ಬಂದಿತ್ತು. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳುವಾಗಿತ್ತು. ಒಂದು ದಿನ ಬಟ್ಟೆಯ ಮೇಲೆ ರಕ್ತದ ಗೆರೆ ಕಂಡಿತು. ಎರಡು ವಾರದ ಮೇಲೆ ಮತ್ತೊಮ್ಮೆ.

ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಆ ಜಾಗದ ರಕ್ತಕ್ಕೆ ಒಂದೇ ಅರ್ಥ ಎಂದು ಅವಳು ನಂಬಿದ್ದಳು. ಆ ಅರ್ಥವನ್ನು ಮನಸ್ಸಿನಲ್ಲಿ ಕೂಡ ಪೂರ್ತಿ ಉಚ್ಚರಿಸುತ್ತಿರಲಿಲ್ಲ, ‘ಆ ರೋಗ’ ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಶ್ರಾವಣದಲ್ಲಿ ಹಿಮಾಯತ್‌ನಗರದ ಒಂದು ಮನೆಯಲ್ಲಿ ಶ್ರಾದ್ಧದಡುಗೆ. ಪಾಯಸ ಕುದಿಯುವಾಗ ಒಮ್ಮೆ, ವಡೆಯ ಹಿಟ್ಟು ರುಬ್ಬುವಾಗ ಒಮ್ಮೆ, ಬ್ರಾಹ್ಮಣರು ಎಲೆಯ ಮುಂದೆ ಕೂತ ಮೇಲೆ ಮತ್ತೊಮ್ಮೆ ಅವಳು ಬಚ್ಚಲಿಗೆ ಹೋದಳು. ಎಣ್ಣೆ ಕಾದು ಹೊಗೆಯೆದ್ದಿತು. ಮೊದಲ ಸುತ್ತಿನ ವಡೆ ಕರ್ರಗಾಯಿತು.

"ಗೋದಕ್ಕಗ ವಯಸ್ಸಾತು," ಎಂದಳು ಮನೆಯಾಕೆ ಮೆಲ್ಲಗೆ, ಹಜಾರದಲ್ಲಿ ಯಾರಿಗೋ. "ಮುಂದಿನ ಸಲ ಕಾಂಟ್ರಾಕ್ಟಿನವರಿಗೆ ಹೇಳಿಬಿಡೋಣ."

ಮೆಲ್ಲಗಿನ ಮಾತು ಅಡುಗೆಮನೆಗೆ ಬೇಗ ಬರುತ್ತದೆ. ಗೋದಾಬಾಯಿ ಸೌಟು ಹಿಡಿದು ನಿಂತೇ ಇದ್ದಳು. ಈ ಊರಿಗೆ ಸೊಸೆಯಾಗಿ ಬಂದಾಗ ಅವಳಿಗೆ ತೆಲುಗು ಬರುತ್ತಿರಲಿಲ್ಲ, ಉರ್ದು ಬರುತ್ತಿರಲಿಲ್ಲ, ಬೀದಿಯ ಹೆಸರು ಗೊತ್ತಿರಲಿಲ್ಲ. ಊರು ಅವಳಿಗೆ ಅಡುಗೆಮನೆಗಳಿಂದ ಗುರುತಾದದ್ದು: ಯಾರ ಕಿಟಕಿಯಿಂದ ಬೇವಿನ ಮರ ಕಾಣುತ್ತದೆ, ಯಾರ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ. ಆ ಬಾಗಿಲುಗಳು ಒಂದೊಂದಾಗಿ ಮುಚ್ಚಿದರೆ ಅವಳ ಪಾಲಿಗೆ ಊರು ಮುಚ್ಚಿದ ಹಾಗೇ.

ಅದೇ ವಾರ ಸನತ್‌ನಗರದಿಂದ ಸೂರ್ಯನಾರಾಯಣರ ಫೋನು ಬಂತು. ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಹೆಂಡತಿ ಇಲ್ಲ, ಭಾದ್ರಪದದ ಪಕ್ಷಮಾಸದಲ್ಲಿ ಅವರ ತಾಯಿಯ ತಿಥಿ. "ಗೋದಾಬಾಯಿಯವರ, ಎಂದಿನಂಗ ನೀವಽ ಅಲ್ರಿ?"

"ನೋಡ್ತೀನ್ರಿ," ಎಂದುಬಿಟ್ಟಳು ಗೋದಾಬಾಯಿ.

ಆಚೆ ಕಡೆಯಿಂದ ಸೂರ್ಯನಾರಾಯಣರು "ಏನಂದ್ರಿ?" ಎಂದರು. ಗೋದಾಬಾಯಿ ‘ನೋಡ್ತೀನಿ’ ಅಂದದ್ದನ್ನು ಅವರು ಕೇಳಿದ್ದೇ ಇಲ್ಲ. ಸೋಫಾದ ಮೇಲಿದ್ದ ಸೊಸೆ ಹರ್ಷದಾ ಕೂಡ ಕೇಳಿರಲಿಲ್ಲ.

ಹರ್ಷದಾ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಾತು ಕಡಿಮೆ. ಮರುದಿನ ಬಚ್ಚಲಿನ ಗೂಡಿನಲ್ಲಿ, ಸೀಗೆಪುಡಿಯ ಡಬ್ಬಿಯ ಹಿಂದೆ ಟ್ಯೂಬು ಸಿಕ್ಕಿತು. ತಿರುಗಿಸಿ ಸಣ್ಣಕ್ಷರ ಓದಿದಳು. ಅತ್ತೆ ತೊಗರಿಬೇಳೆ ಆರಿಸುತ್ತಿದ್ದಲ್ಲಿಗೆ ಬಂದು ಪಕ್ಕದಲ್ಲಿ ಕೂತಳು.

"ಅತ್ಯಾ, ಇದು ಯಾರದು?"

"ಇಡು ಅದನ್ನ. ಕೈಗೆ ತಂದಿದ್ದೆ."

"ಕೈಗೆ ಹಚ್ಚೋದಾದ್ರ ಬಚ್ಚಲದಾಗ್ಯಾಕ? ಇದರಾಗ ಸ್ಟಿರಾಯ್ಡ್ ಅದ. ಭಾಳ ದಿನ ಹಚ್ಚಿದ್ರ ಚರ್ಮ ಹಾಳಾಗ್ತದ, ಬೂಸು, ಅಂದ್ರ ಫಂಗಸ್ಸು, ಇದ್ರ ಇನ್ನೂ ಬೆಳೀತದ." ಬೇಳೆಯಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ನನಗ ಏನೂ ಹೇಳಬ್ಯಾಡ್ರಿ. ಬರ್ಕತ್‌ಪುರಾದಾಗ ವಿಜಯಶ್ರೀ ಅಂತ ಡಾಕ್ಟರ್ ಇದ್ದಾರ, ಹೆಣ್ಣಮಗಳು, ವಿಜಾಪುರದಾಕಿ. ಕನ್ನಡ ಮಾತಾಡ್ತಾರ. ಅವರಿಗೆ ಹೇಳ್ರಿ."

"ಕನ್ನಡ ಬರ್ತದಂದ್ರ ಇನ್ನೂ ನಾಚಿಕಿ," ಎಂದಳು ಗೋದಾಬಾಯಿ. ಆದರೆ ಶನಿವಾರ ಸೊಸೆಯ ಸ್ಕೂಟಿಯ ಮೇಲೆ, ಒಂದು ಕಡೆಗೆ ಕಾಲು ಇಳಿಬಿಟ್ಟು, ಅರ್ಧ ಕೂತು ಅರ್ಧ ತೇಲುತ್ತ ಹೋದಳು.

ಡಾಕ್ಟರ್ ವಿಜಯಶ್ರೀಗೆ ನಲವತ್ತರ ಆಸುಪಾಸು. "ಬರ್ರಿ ಅಮ್ಮಾರ, ಕೂಡ್ರಿ. ಏನು ತ್ರಾಸ ಆಗೇತಿ?"

"ತುರಿಕಿರಿ." ಗೋದಾಬಾಯಿ ಬಲಗೈ ಚಾಚಿದಳು.

ಡಾಕ್ಟರು ಕೈ ಹಿಡಿದು ಬೆಳಕಿಗೆ ತಿರುಗಿಸಿದರು, ಬೆರಳ ಸಂದು ನೋಡಿದರು. "ಕೈ ಭಾಳ ಛಲೋ ಐತಿ. ವಡಿ ತಟ್ಟೋ ಕೈ ಇದ್ದಂಗೈತಿ. ಎಲ್ಲಿ ತುರಸ್ತೈತಿ?"

ಹರ್ಷದಾ ಗಂಟಲು ಸರಿಮಾಡಿಕೊಂಡಳು.

"ನೀ ಹೊರಗ ಕೂಡು," ಎಂದಳು ಅತ್ತೆ. ಬಾಗಿಲು ಮುಚ್ಚಿದ ಮೇಲೆ ಮೇಜಿನ ಮೇಲಿನ ಗಾಜಿನ ಪೇಪರ್‌ವೇಟಿಗೆ ಹೇಳಿದಳು, "ಕೆಳಗರಿ. ಹಿಂದಕ್ಕ. ಸಂಡಾಸದ ಜಾಗಾದಾಗ."

"ಇಷ್ಟಽ ಏನ್ರಿ? ಈ ಖುರ್ಚಿ ಮ್ಯಾಲ ದಿನಾ ಯಾರರ ಇದನ್ನಽ ಹೇಳಾಕ ಬರ್ತಾರ. ಮೊದಲ ಎಲ್ಲಾರೂ ಕೈ ತೋರಸ್ತಾರ, ಬೆನ್ನು ತೋರಸ್ತಾರ. ಒಬ್ಬರು ಮಗನ ಕೈ ತೋರಿಸಿದ್ರು."

ಗೋದಾಬಾಯಿಗೆ ನಗು ಬಂತು. ನಗು ಬಂದ ಮೇಲೆ ಮಾತು ಬಂತು.

ಡಾಕ್ಟರು ಒಂದೊಂದಾಗಿ ಕೇಳಿದರು. ರಾತ್ರಿ ಜಾಸ್ತಿಯೋ? ಮನೆಯಲ್ಲಿ ಸಣ್ಣ ಮಕ್ಕಳಿಗೆ ಹೀಗೆ ಆಗಿದೆಯೋ? ಮೊಮ್ಮಕ್ಕಳಿಲ್ಲ, ಇನ್ನೂ ಆಗಿಲ್ಲ ಎಂದಳು ಗೋದಾಬಾಯಿ. ಮಕ್ಕಳಿದ್ದಲ್ಲಿ ದಾರದಂಥ ಸಣ್ಣ ಜಂತು ಮನೆಮಂದಿಗೆಲ್ಲ ಹತ್ತುತ್ತದೆ, ರಾತ್ರಿ ತುರಿಸುತ್ತದೆ, ಆಗ ಔಷಧಿಯನ್ನೂ ಮನೆಮಂದಿಯೆಲ್ಲ ತೆಗೆದುಕೊಳ್ಳಬೇಕು ಎಂದರು ಡಾಕ್ಟರು. ಹಾಗಾದರೆ ಗಂಡ ಅಂದದ್ದು ಪೂರ್ತಿ ಮೂರ್ಖತನವಲ್ಲ. ಮನೆಗೆ ಹೋಗಿ ಇದನ್ನು ಹೇಳುವುದು ಬೇಡ ಎಂದು ಗೋದಾಬಾಯಿ ತೀರ್ಮಾನಿಸಿದಳು.

"ಸಕ್ರಿ ಕಾಯಿಲೆ ಐತೇನ್ರಿ? ಸಂಡಾಸ ಗಟ್ಟಿ ಆಗ್ತೈತೋ, ತೆಳ್ಳಗೋ? ಮೂಲವ್ಯಾಧಿ? ಗಂಟು ಏನರ ಕೈಗೆ ಹತ್ತೇತೇನು? ತೂಕ ಇಳದೈತೇನು? ಕಾಫಿ ಎಷ್ಟು ಸಲ?"

"ಕಾಫಿ... ಎಣಿಸಿಲ್ರಿ."

"ಎಣಿಸಲಾರದಷ್ಟು ಅಂದ್ರ ಭಾಳ ಆತು. ಕಾಫಿ, ಖಾರ ಕೂಡ ಕೆಲವರಿಗೆ ಅಲ್ಲಿ ಉರಿ ತರ್ತಾವ. ತೊಳಿಯಾಕ ಏನು ಹಾಕ್ತೀರಿ?"

ಸಾಬೂನು, ಔಷಧಿನೀರು, ಟ್ಯೂಬು ಎಲ್ಲವೂ ಹೊರಬಂದವು. ಡಾಕ್ಟರು ಕೇಳದೆಯೇ ಮಡಿಯೂ ಬಂತು, ಹಿಂಡಿದ ಸೀರೆ, ಕಚ್ಚೆ, ಕೈ ಹಿಂದೆ ಹೋದರೆ ಮತ್ತೆ ಸ್ನಾನ. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಪರದೆಯ ಹಿಂದೆ ಎಡಮಗ್ಗುಲಿಗೆ ಮಲಗಿಸಿ, ಮೊಳಕಾಲು ಮಡಚಲು ಹೇಳಿ, ಹೊದಿಕೆ ಹೊದಿಸಿ, ಬೇಕಾದಷ್ಟೇ ಸರಿಸಿ ನೋಡಿದರು. ಗೋದಾಬಾಯಿ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದಳು. ಹಲ್ಲಿ ಗೋಡೆಯ ಆ ತುದಿ ಮುಟ್ಟುವುದರೊಳಗೆ ಮುಗಿದಿತ್ತು.

"ಎದ್ದು ಬರ್ರಿ. ಚರ್ಮ ಹಸಿ ಆಗಿ ಕೊಳತಂಗ ಆಗೇತಿ, ಬೂಸು ಹಿಡದೈತಿ. ಹಸಿ ಬಟ್ಟಿ ಹಾದಿ ಮಾಡಿಕೊಡ್ತು, ಸಾಬೂನು ಸಿಪ್ಪಿ ಸುಲೀತು, ಟ್ಯೂಬು ಮನಿ ಕಟ್ಟಿಕೊಡ್ತು. ನೀವು ಹೊಲಸಿದ್ದೀರಂತ ಅಲ್ಲ ಅಮ್ಮಾರ, ಭಾಳ ಸ್ವಚ್ಛ ಆಗಿದ್ದಕ್ಕ ಹಿಂಗಾತು."

ಬರೀ ನೀರಿನಿಂದ ತೊಳೆಯುವುದು, ತಿಕ್ಕದೆ ಮೆಲ್ಲಗೆ ಒತ್ತಿ ಒರೆಸುವುದು, ಉಗುರು ಕತ್ತರಿಸುವುದು, ಹಚ್ಚಲು ಬೇರೆ ಮುಲಾಮು, ಸಕ್ಕರೆಯ ಪರೀಕ್ಷೆ, ನಾರಿನಂಶದ ಪಲ್ಯ, ಒಣಗಿದ ಹತ್ತಿಬಟ್ಟೆ. ಗೋದಾಬಾಯಿ ಚೀಟಿ ತೆಗೆದುಕೊಂಡು ಬಾಗಿಲವರೆಗೆ ಹೋದಳು. ಚಿಲಕದ ಮೇಲೆ ಕೈ ಇಟ್ಟು ನಿಂತಳು.

"ಎರಡು ಸಲ ರಕ್ತ ಬಂದಿತ್ರಿ."

"ವಾಪಸ್ ಬರ್ರಿ, ಕೂಡ್ರಿ," ಎಂದರು ಡಾಕ್ಟರು. ದನಿ ಬದಲಾಗಲಿಲ್ಲ, ಆದರೆ ಪೆನ್ನು ಮತ್ತೆ ಕೈಗೆ ಬಂತು. ರಕ್ತ ಕೆಂಪಗಿತ್ತೋ, ಕಪ್ಪಗಿತ್ತೋ? ಮಲದೊಳಗೆ ಬೆರೆತಿತ್ತೋ, ಬಟ್ಟೆಗೆ ಹತ್ತಿತ್ತೋ? ಮತ್ತೊಮ್ಮೆ ಮಲಗಿಸಿ ಸಣ್ಣ ನಳಿಗೆಯಿಂದ ಒಳಗೂ ನೋಡಿದರು.

"ಕೆರಕೊಂಡಲ್ಲಿ ಸೀಳೇತಿ, ಅಲ್ಲಿಂದ ಬಂದಂಗೈತಿ. ನೀವು ಅಂಜಿದ್ದು ಇಲ್ಲೆ ಕಾಣವಲ್ದು. ಆದ್ರ ನಿಮ್ಮ ವಯಸ್ಸಿನಾಗ ರಕ್ತ ಅಂದ್ರ ನಾ ಊಹೆ ಮ್ಯಾಲ ಬಿಡಂಗಿಲ್ಲ. ದವಾಖಾನಿಗೆ ಬರದು ಕೊಡ್ತೀನಿ, ದುರ್ಬೀನು ಹಾಕಿ ಮ್ಯಾಲಿನ ತನಕ ಒಮ್ಮೆ ನೋಡ್ಲಿ. ತುರಿಕಿ ಒಂದು ವಾರ, ಎರಡು ವಾರದಾಗ ತಾನಾಗಿ ಹೋಗಲಿಲ್ಲ ಅಂದ್ರ ಬರಬೇಕು. ರಕ್ತ, ಕೀವು, ಗಂಟು, ಜೋರು ನೋವು, ಸಂಡಾಸದ ರೂಢಿ ಬದಲಾಗೋದು, ಇವು ಕಂಡ್ರ ಅಷ್ಟೂ ಕಾಯಬಾರದು. ನೀವು ಆಷಾಢದಿಂದ ಕೂತೀರಿ."

"ಕೂಡ್ಲಿಕ್ಕೇ ಆಗ್ತಿರಲಿಲ್ರಿ," ಎಂದಳು ಗೋದಾಬಾಯಿ. ಈ ಸಲ ಡಾಕ್ಟರು ನಕ್ಕರು.

ಸಕ್ಕರೆ ಗಡಿಯ ಹತ್ತಿರವಿತ್ತು, ದಾಟಿರಲಿಲ್ಲ. ದುರ್ಬೀನಿನಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಆ ಕಾಗದ ಓದಿದ ದಿನ ಜಯತೀರ್ಥ ಯಾವ ಷರಾವನ್ನೂ ಬರೆಯಲಿಲ್ಲ, ತಾನೇ ಹೋಗಿ ಸಪೋಟ ಹಣ್ಣು ತಂದ. ತುರಿಕೆ ಇಳಿಯುತ್ತ ಬಂತು, ಮಳೆ ನಿಂತ ಮೇಲೆ ಸೂರಿನ ಹನಿ ಕಡಿಮೆಯಾಗುವ ಹಾಗೆ, ನಿಂತಿತು ಅನ್ನುವಾಗ ಮತ್ತೊಂದು.

ಉಳಿದದ್ದು ಸೂರ್ಯನಾರಾಯಣರಿಗೆ ಕೊಡಬೇಕಾದ ಉತ್ತರ. ಒದ್ದೆ ಸೀರೆ ಉಡುವಂತಿಲ್ಲ. ಒಣ ಮಡಿಸೀರೆ ಬೇಕೆಂದರೆ ಅದನ್ನು ಆ ಮನೆಯಲ್ಲೇ ಹಿಂದಿನ ದಿನ ಮಡಿಯಿಂದ ಒಗೆದು, ಎತ್ತರದ ಗಳದ ಮೇಲೆ ಹರವಿ, ಯಾರೂ ಮುಟ್ಟದ ಹಾಗೆ ಕಾಯಬೇಕು. ಅದನ್ನು ಕೇಳಬೇಕು. ಅಡುಗೆಗೆ ಹೋದ ಮನೆಯಲ್ಲಿ ಗೋದಾಬಾಯಿ ನೀರು, ಬೆಂಕಿ ಬಿಟ್ಟು ಏನನ್ನೂ ಕೇಳಿದವಳಲ್ಲ. ಫೋನು ಹಿಡಿದಳು, ಇಟ್ಟಳು, ಹಿಡಿದಳು.

"ಒಂದು ಕೆಲಸ ಆಗಬೇಕಿತ್ರಿ," ಎಂದು ಶುರುಮಾಡಿ ಹೇಳಿದಳು.

"ಅಷ್ಟಽ ಏನ್ರಿ? ಟೆರೇಸ್ ಮ್ಯಾಲೆ ಪೈಪ್ ಕಟ್ಟಸ್ತೀನಿ, ಏಳು ಫೂಟು ಮ್ಯಾಲೆ. ಕಾಗಿ ಕೂಡದಂಗ ಜಾಳಗಿ," ಎಂದರು ಎಂಜಿನಿಯರು. ಅವರ ದನಿಯಲ್ಲಿ ನಿವೃತ್ತಿಯ ಬೇಸರ ಒಂದು ಕ್ಷಣ ಕರಗಿತು. ಮಡಿಯಲ್ಲಿ ಒಗೆದು ಹರವುವುದನ್ನೂ ಅವರೇ ಒಪ್ಪಿಕೊಂಡರು. ಸೀರೆಯನ್ನು ಅವಳು ಮೊದಲೇ ಕಳಿಸಿಕೊಟ್ಟಳು.

ತಿಥಿಯ ಬೆಳಿಗ್ಗೆ ಅವಳು ಹೋದಾಗ ಸೂರ್ಯನಾರಾಯಣರು ಬಾಗಿಲಲ್ಲೇ ನಿಂತಿದ್ದರು, ಮುಖ ಸಪ್ಪಗೆ. ನಸುಕಿನಲ್ಲಿ ಮೋಡ ಕಟ್ಟಿತ್ತು. ಪಾತ್ರೆ ತಿಕ್ಕುವಾಕೆ ಬಂದವಳು ಮಳೆ ಬರುತ್ತದೆಂದು ಒಳ್ಳೆಯ ಮನಸ್ಸಿನಿಂದ ಸೀರೆ ಇಳಿಸಿ, ಮಡಚಿ, ಕುರ್ಚಿಯ ಮೇಲಿಟ್ಟಿದ್ದಳು. ಸೀರೆ ಒಣಗಿ ಗರಿಗರಿಯಾಗಿತ್ತು. ಮಡಿ ಹೋಗಿತ್ತು.

ಆಚಾರ್ಯರು ಆಗಲೇ ಬಂದು ಕೂತಿದ್ದರು. "ಅದಕ್ಕೇನಾತು? ಎಂದಿನಂಗ ಒದ್ದಿ ಮಾಡಿ ಉಡ್ರಿ. ಹೊತ್ತಾಗ್ತದ."

ಬಕೀಟು ತುಂಬಿಯೇ ಇತ್ತು. ಅದ್ದಿದರೆ ಒಂದು ಗಳಿಗೆಯ ಕೆಲಸ, ಯಾರಿಗೂ ತೊಂದರೆಯಿಲ್ಲ. ಹೊಸ ಚರ್ಮ ಈಗಷ್ಟೇ ಬಂದಿತ್ತು.

"ಒದ್ದಿ ಉಡಂಗಿಲ್ರಿ ಆಚಾರ್ಯರ."

"ಯಾಕ?"

ಗೋದಾಬಾಯಿ ಉಸಿರು ತೆಗೆದುಕೊಂಡಳು. "ಒದ್ದಿ ಕಚ್ಚಿಯಿಂದ ಹಿಂದ ಹುಣ್ಣಾಗಿತ್ತು. ಸಂಡಾಸದ ಜಾಗಾದಾಗ. ಡಾಕ್ಟರ್ ಬ್ಯಾಡಂದಾರ."

ಸೂರ್ಯನಾರಾಯಣರು ಛಾವಣಿ ಪರೀಕ್ಷಿಸಿದರು. ಆಚಾರ್ಯರು ಕೆಮ್ಮಿದರು, ಪಂಚಾಂಗ ತೆರೆದರು, ಮುಚ್ಚಿದರು.

"ರೇಷ್ಮಿ ಇದ್ರ ನಡೀತದ," ಎಂದರು ಕೊನೆಗೆ. "ರೇಷ್ಮಿಗೆ ಅಷ್ಟು ದೋಷ ಇಲ್ಲ. ಆದ್ರ ಒಂಬತ್ತು ಗಜದ್ದು ಎಲ್ಲೆ ಸಿಗ್ಬೇಕು ಈಗ?"

ಸೂರ್ಯನಾರಾಯಣರು ಒಳಕ್ಕೆ ಹೋದರು. ಟ್ರಂಕಿನ ಕೀಲು ಕಿರ್ರೆಂದಿತು. ಹೊರಬಂದಾಗ ಕೈಯಲ್ಲಿ ಕುಂಕುಮಬಣ್ಣದ ಹಳೆಯ ಇಳಕಲ್ ರೇಷ್ಮೆ. ಯಾರ ತಿಥಿಯೋ, ಅವರದೇ.

"ಎಣ್ಣಿ ಸಿಡೀತದ್ರಿ," ಎಂದಳು ಗೋದಾಬಾಯಿ.

"ಸಿಡೀಲಿ," ಎಂದರು ಅವರು. "ಅವ್ವ ಅದನ್ನ ಉಟ್ಟು ಒಮ್ಮೆನೂ ಅಡಿಗಿಮನಿಗೆ ಹೋಗ್ಲಿಲ್ಲ. ಕೆಡ್ತದಂತ ಇಟ್ಟು ಇಟ್ಟು ಹೋಗಿಬಿಟ್ಲು."

ಅಂದಿನ ವಡೆ ಎಣ್ಣೆಯಲ್ಲಿ ಬೆಳ್ಳಗೆ ಉಬ್ಬಿ ತೇಲಿದವು. ಒಮ್ಮೆ ಸಣ್ಣಗೆ ತುರಿಸಿತು. ಗೋದಾಬಾಯಿ ಎಳ್ಳಿನುಂಡೆ ಕಟ್ಟುತ್ತ ಅದನ್ನು ಹಾಗೇ ಬಿಟ್ಟಳು, ಅದು ತಾನೇ ಹೋಯಿತು. ಎಲೆಗಳು ಹೊತ್ತಿಗೆ ಸರಿಯಾಗಿ ಬಿದ್ದವು.

ಎಲ್ಲ ಮುಗಿದ ಮೇಲೆ ಅವಳು ತನ್ನ ಸೀರೆಗೆ ಬದಲಾಯಿಸಿ ಹೊರಟಾಗ ಆಚಾರ್ಯರು ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಚಪ್ಪಲಿ ಕಾಲಲ್ಲೇ ಇತ್ತು.

"ಆ ಡಾಕ್ಟರ್," ಎಂದರು ದನಿ ತಗ್ಗಿಸಿ, "ಗಂಡಸರನ್ನೂ ನೋಡ್ತಾರೇನ್ರಿ?"

ಇವರೂ ದಿನಾ ಒದ್ದೆ ಧೋತರ ಉಡುವವರೇ ಎಂಬುದು ಗೋದಾಬಾಯಿಗೆ ಆಗ ಹೊಳೆಯಿತು.

"ನೋಡ್ತಾರ್ರಿ. ಎಷ್ಟು ದಿನ ಆತು?"

"ನನಗಲ್ಲ, ನಮ್ಮ ಪೈಕಿ ಒಬ್ಬರಿಗೆ... ಯುಗಾದಿಯಿಂದ."

"ಅವರಿಗೆ ರಕ್ತ ಏನರೆ ಕಂಡದೇನ್ರಿ?"

ಆಚಾರ್ಯರು ಕೊಡೆಯ ತುದಿಯಿಂದ ನೆಲ ಗೀರಿದರು.

ಗೋದಾಬಾಯಿ ಕೈ ಎತ್ತಿ, ಹೋಗುತ್ತಿದ್ದ ಆಟೋ ನಿಲ್ಲಿಸಿದಳು. "ಹತ್ರಿ ಆಚಾರ್ಯರ. ಬರ್ಕತ್‌ಪುರಾ ನಮ್ಮ ಹಾದ್ಯಾಗಽ ಅದ. ಸಂಜಿ ಆರಕ್ಕ ಬಾಗಿಲಾ ತಗೀತಾರ."